ಬೇರಿನಿಂದ ನೆತ್ತಿಯವರೆಗೆ ಒಂದೇ ಗ್ರಾನೈಟ್: ಕ್ಲೋಸ್‌ಪೇಟೆ ಶಿಲೆ ಜಲ್ಲಿಯಾಗುವ ಮುನ್ನ

ಬೆಂಗಳೂರಿನಿಂದ ಮೈಸೂರಿನ ಕಡೆ ಹೊರಟು ಬಿಡದಿ ದಾಟಿದರೆ ನೆಲದ ಸ್ವಭಾವವೇ ಬದಲಾಗುತ್ತದೆ. ಅಲ್ಲಿಯವರೆಗೆ ಹೆಚ್ಚು ಏರಿಳಿತವಿಲ್ಲದೆ ಬಂದ ಬಯಲಿನಲ್ಲಿ ಬೋಳು ಬಂಡೆಯ ಬೆಟ್ಟಗಳು ಒಂದರ ಹಿಂದೊಂದು ಏಳತೊಡಗುತ್ತವೆ. ರಾಮನಗರ ಬರುವಷ್ಟರಲ್ಲಿ ಕಿಟಕಿಯ ಎರಡೂ ಬದಿಗೆ ಕಲ್ಲೇ ಕಲ್ಲು. ಇವು ಆ ಊರಿಗಷ್ಟೇ ಸೇರಿದ ಬೆಟ್ಟಗಳಲ್ಲ. ದಕ್ಷಿಣದಲ್ಲಿ ಕನಕಪುರ ಸೀಮೆಯ ಕಬ್ಬಾಳಿನಿಂದ ಹಿಡಿದು ರಾಮನಗರ, ಸಾವನದುರ್ಗ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ, ಪಾವಗಡಗಳನ್ನು ಪೋಣಿಸಿಕೊಂಡು, ಆಂಧ್ರದ ಅನಂತಪುರ ಸೀಮೆಯ ಪಶ್ಚಿಮ ಅಂಚನ್ನು ಸವರಿ, ಹಂಪಿಯ ಗುಂಡುಗಳ ರಾಶಿಯವರೆಗೆ ಒಂದೇ ಶಿಲಾಪಟ್ಟಿ ಚಾಚಿಕೊಂಡಿದೆ. ಉದ್ದ ಸುಮಾರು 400 ಕಿಲೋಮೀಟರ್, ಅಗಲ ಬಹುಪಾಲು 20ರಿಂದ 30 ಕಿಲೋಮೀಟರ್. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ.

ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಟಿಪ್ಪುವಿನ ಕಾಲದಲ್ಲಿ ಶಂಸೆರಾಬಾದ್ ಆಗಿದ್ದ ಊರಿಗೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರು ಬಂತು. ಮೈಸೂರು ಭೂವಿಜ್ಞಾನ ಇಲಾಖೆಯ ಮುಖ್ಯಸ್ಥ ಡಬ್ಲ್ಯು. ಎಫ್. ಸ್ಮೀತ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದೇ ಹೆಸರನ್ನು ಶಿಲೆಗೂ ಅಂಟಿಸಿದರು. ಊರು ಮುಂದೆ ರಾಮನಗರವಾಯಿತು, 2007ರಲ್ಲಿ ಜಿಲ್ಲೆಯೂ ಆಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ರಾಜ್ಯ ಸಚಿವ ಸಂಪುಟ ಒಪ್ಪಿತು. ಕಲ್ಲಿನ ಹೆಸರು ಮಾತ್ರ ಸ್ಮೀತ್ ಇಟ್ಟಲ್ಲೇ ನಿಂತಿದೆ. ಜಗತ್ತಿನ ಯಾವ ಮೂಲೆಯಲ್ಲಿ ಪ್ರಾಚೀನ ಗ್ರಾನೈಟ್‌ಗಳ ಮಾತು ಎದ್ದರೂ ಈ ಹೆಸರು ಬರುತ್ತದೆ.

ಬೆಂಗಳೂರು ಬೆಳೆಯುತ್ತಿರುವ ದಿಕ್ಕುಗಳಲ್ಲಿ ಇದೂ ಒಂದು. ನದಿಯ ಮರಳಿಗೆ ಕಡಿವಾಣ ಬಿದ್ದ ಮೇಲೆ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಬೇಕಾಯಿತು, ಎಂ-ಸ್ಯಾಂಡ್‌ಗೆ ಬಂಡೆ ಬೇಕು. ಹೆದ್ದಾರಿಗೆ, ಮೆಟ್ರೋಗೆ, ಲೇಔಟಿನ ಚರಂಡಿಗೆ ಜಲ್ಲಿ ಬೇಕು. ಕಾನೂನಿನ ಕಣ್ಣಿಗೆ ಇದು ‘ಕಟ್ಟಡ ಕಲ್ಲು’, ಉಪಖನಿಜ, ಟನ್ನಿಗಿಷ್ಟು ಎಂದು ರಾಜಧನ ಕಟ್ಟಿಸಿಕೊಳ್ಳುವ ಸರಕು. ಕಡತದಲ್ಲಿ ಇಡೀ ಪಟ್ಟಿ ಒಂದೇ ಕಲ್ಲು. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಕ್ಲೋಸ್‌ಪೇಟೆ ಗ್ರಾನೈಟ್ ಒಂದೇ ಕಲ್ಲಲ್ಲ. ಒಂದು ಗ್ರಾನೈಟ್ ನೆಲದಾಳದಲ್ಲಿ ಹುಟ್ಟಿ, ಮೇಲೇರಿ, ಹೆಪ್ಪುಗಟ್ಟಿದ ದಾರಿಯಿಡೀ ಅಡ್ಡಡ್ಡ ಮಲಗಿಸಿ ತೋರಿಸುವ ಅಪರೂಪದ ಜಾಗ ಇದು. ಯಾವ ಬಂಡೆ ಏನು ಹೇಳುತ್ತದೆ ಎಂದು ತಿಳಿಯದೆ ಯಾವುದನ್ನು ಒಡೆಯಬಹುದು, ಯಾವುದನ್ನು ಒಡೆಯಕೂಡದು ಎಂದು ತೀರ್ಮಾನಿಸಲು ಬರುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯನ್ನು ಎಷ್ಟೋ ಜನ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದು ನೈಸ್, ಅಂದರೆ ಆಳದ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಪಟ್ಟೆಪಟ್ಟೆಯ ಕಲ್ಲು; ಪೂರ್ತಿ ಹೇಳುವುದಾದರೆ ಪೆನಿನ್ಸುಲರ್ ನೈಸ್. ಹತ್ತಿರ ಹೋಗಿ ನೋಡಿದರೆ ಬಿಳಿ-ಬೂದು ಪಟ್ಟೆಗಳು ಕಲಸಿದ ಹಿಟ್ಟಿನಂತೆ ಸುತ್ತಿಕೊಂಡಿರುವುದು ಕಾಣುತ್ತದೆ. ವಯಸ್ಸು ಸುಮಾರು 300 ಕೋಟಿ ವರ್ಷ. ದಕ್ಷಿಣ ಕರ್ನಾಟಕದ ಬಹುಪಾಲು ನೆಲದ ತಳಪಾಯ ಈ ನೈಸೇ. ಇದರ ಮೂಲ ಶಿಲೆಗಳಲ್ಲಿ ಸೋಡಿಯಂ ಜಾಸ್ತಿ, ಪೊಟ್ಯಾಸಿಯಂ ಕಡಿಮೆ. ಈ ಹಳೆಯ ತಳಪಾಯವನ್ನು ಸೀಳಿಕೊಂಡು ಮೇಲೆ ಬಂದದ್ದು ಕ್ಲೋಸ್‌ಪೇಟೆ ಗ್ರಾನೈಟ್. ಇದರಲ್ಲಿ ಪೊಟ್ಯಾಸಿಯಂ ಸಮೃದ್ಧ. ಬಂಡೆಗೆ ಗುಲಾಬಿ ಛಾಯೆ ಕೊಡುವ ದೊಡ್ಡ ದೊಡ್ಡ ಹರಳುಗಳು ಪೊಟ್ಯಾಷ್ ಫೆಲ್ಡ್‌ಸ್ಪಾರ್‌ನವು. ಅವುಗಳ ಜೊತೆಗೆ ಗಾಜಿನಂತೆ ಹೊಳೆಯುವ ಬೆಣಚು, ಕಪ್ಪು ಅಭ್ರಕವಾದ ಬಯೊಟೈಟ್, ಕಡುಹಸಿರು ಹಾರ್ನ್‌ಬ್ಲೆಂಡ್ ಇರುತ್ತವೆ. ವಿಧಾನಸೌಧಕ್ಕೆ ಕಲ್ಲು ತಂದಾಗ ಗೋಡೆಗಳಿಗೆ ಬೆಂಗಳೂರು ಸುತ್ತಲಿನ ಬೂದು ಕಲ್ಲನ್ನೂ ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲನ್ನೂ ಬಳಸಿದರು. ಅದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಇದೇ ಕಲ್ಲಿನ ಸೀಮೆಯವರು.

ವಯಸ್ಸು ತಿಳಿಯುವುದಕ್ಕೆ ಸಾಕ್ಷಿ ಜಿರ್ಕಾನ್ ಎಂಬ ಖನಿಜ. ಮರಳಿನ ಕಣಕ್ಕಿಂತಲೂ ಚಿಕ್ಕದಾಗಿರುವ ಈ ಹರಳು ಬೆಳೆಯುವಾಗ ತನ್ನೊಳಗೆ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಇಂದು ಅದರೊಳಗೆ ಸಿಗುವ ಸೀಸ ಬಹುಮಟ್ಟಿಗೆ ಯುರೇನಿಯಂ ಕ್ಷಯಿಸಿ ಹುಟ್ಟಿದ್ದು. ಯುರೇನಿಯಂ-238 ಅರ್ಧವಾಗಲು ಸುಮಾರು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ ವರ್ಷ. ಒಂದೇ ಹರಳಿನಲ್ಲಿ ಎರಡು ಗಡಿಯಾರ ಓಡುತ್ತಿರುವುದರಿಂದ ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. 1990ರ ದಶಕದ ಅಳತೆಗಳು ಈ ಗ್ರಾನೈಟ್‌ನ ವಯಸ್ಸನ್ನು ಸುಮಾರು 251-252 ಕೋಟಿ ವರ್ಷಕ್ಕೆ ತಂದು ನಿಲ್ಲಿಸಿದವು. ವಾತಾವರಣದಲ್ಲಿ ಆಮ್ಲಜನಕ ಶೇಖರಗೊಳ್ಳುವ ಮುಂಚಿನ ಮಾತು ಅದು.

ಈಗ ಕಬ್ಬಾಳಿಗೆ ಹೋಗೋಣ, ಪಟ್ಟಿಯ ದಕ್ಷಿಣದ ತುದಿಗೆ. ಕಬ್ಬಾಳಮ್ಮನ ಗುಡಿಗೆ ಹೋಗುವ ಭಕ್ತರಿಗೆ ಈ ಊರು ಗೊತ್ತು, ದುರ್ಗ ಹತ್ತುವ ಚಾರಣಿಗರಿಗೂ ಗೊತ್ತು. ಭೂವಿಜ್ಞಾನಿಗಳು ಬರುವುದು ಇಲ್ಲಿನ ಕಲ್ಲುಕ್ವಾರಿಯನ್ನು ನೋಡಲು. ಬೂದು ನೈಸ್‌ನ ನಡುವೆ, ಸೀಳುಗಳ ಗುಂಟ, ಎಣ್ಣೆ ಚೆಲ್ಲಿದಂತೆ ಕಡುಬಣ್ಣದ ಜಿಡ್ಡುಜಿಡ್ಡಾದ ತೇಪೆಗಳು ಕಾಣುತ್ತವೆ. ಅವು ಚಾರ್ನೊಕೈಟ್. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕ್‌ನ ಗೋರಿಗಲ್ಲಿನಿಂದ ಆ ಶಿಲೆಗೆ ಹೆಸರು ಬಂದಿದೆ. ಅದು ಬಹಳ ಆಳದ, ಬಹಳ ಬಿಸಿಯ, ನೀರಿನಂಶ ಕಡಿಮೆಯಿರುವ ಪರಿಸರದ ಗುರುತು. ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿ ದುಡಿದ ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಜಗತ್ತಿಗೆ ತೋರಿಸಿದರು: ನೈಸ್ ಇಲ್ಲಿ ಚಾರ್ನೊಕೈಟ್ ಆಗುತ್ತಾ ಆಗುತ್ತಾ ಅರ್ಧಕ್ಕೆ ನಿಂತುಬಿಟ್ಟಿದೆ. ಮುಂದೆ ಬಂದವರು ಬೆಣಚಿನ ಹರಳುಗಳೊಳಗೆ ಸಿಕ್ಕಿಬಿದ್ದ ಸೂಕ್ಷ್ಮ ಗುಳ್ಳೆಗಳನ್ನು ನೋಡಿದರು, ಅವುಗಳಲ್ಲಿ ಇಂಗಾಲದ ಡೈಆಕ್ಸೈಡ್ ಇತ್ತು. ಆಳದಿಂದ ಸೀಳುಗಳ ಮೂಲಕ ನುಗ್ಗಿದ ಈ ಅನಿಲ ನೀರನ್ನು ಬದಿಗೆ ತಳ್ಳಿತು, ಬಯೊಟೈಟ್ ಮತ್ತು ಹಾರ್ನ್‌ಬ್ಲೆಂಡ್ ಒಡೆದು ನೀರಿನಂಶವಿಲ್ಲದ ಪೈರಾಕ್ಸೀನ್ ಎಂಬ ಖನಿಜ ಹುಟ್ಟಿತು ಎಂಬುದು ಅವರು ಕೊಟ್ಟ ವಿವರಣೆ. ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ, ಸುಮಾರು 20 ಕಿಲೋಮೀಟರ್ ಆಳದ ಒತ್ತಡ. ಇಂದು ನಾವು ಚಪ್ಪಲಿ ಕಳಚಿ ನಿಲ್ಲುವ ಬಂಡೆ ಒಂದು ಕಾಲದಲ್ಲಿ ಅಲ್ಲಿತ್ತು. ಗ್ರಾನೈಟ್‌ನ ಬೇರುಗಳೂ ಇಲ್ಲಿಯೇ ಕಾಣುತ್ತವೆ: ಕರಗಿದ ನೈಸ್‌ನ ತಿಳಿಗುಲಾಬಿ ಎಳೆಗಳು ಒಂದರೊಳಗೊಂದು ಸೇರಿ ದಪ್ಪವಾಗುತ್ತಾ ಹೋಗುತ್ತವೆ.

ಕಬ್ಬಾಳಿನಿಂದ ಉತ್ತರಕ್ಕೆ ನಡೆದರೆ ನಾವು ಏರುತ್ತಿರುವುದು ಕಣ್ಣಿಗೆ ಕಾಣದ ಏಣಿಯನ್ನು. ಇಲ್ಲಿನ ಭೂಚಿಪ್ಪು, ಅಂದರೆ ಭೂಮಿಯ ಹೊರಗಿನ ಕಲ್ಲಿನ ಪದರ, ಇಡಿಯಾಗಿ ವಾಲಿಕೊಂಡಿದೆ. ದಕ್ಷಿಣದ ಭಾಗ ಹೆಚ್ಚು ಮೇಲೆದ್ದು ಹೆಚ್ಚು ಸವೆದಿದೆ, ಉತ್ತರದ ಭಾಗ ಅಷ್ಟು ಸವೆದಿಲ್ಲ. ಹಾಗಾಗಿ ದಕ್ಷಿಣದಲ್ಲಿ ಕಾಣುವುದು ಆಳದ ಬೇರು, ಉತ್ತರದಲ್ಲಿ ಕಾಣುವುದು ನೆತ್ತಿ. ರಾಮನಗರ-ಮಾಗಡಿ ಭಾಗದಲ್ಲಿ ಪಟ್ಟಿ ತುಂಬಿಕೊಂಡು ನಿಲ್ಲುತ್ತದೆ. ಹಲವು ಸೆಂಟಿಮೀಟರ್ ಉದ್ದದ ಫೆಲ್ಡ್‌ಸ್ಪಾರ್ ಹರಳುಗಳು ಬಂಡೆಯ ಮೈಮೇಲೆ ಒಂದೇ ದಿಕ್ಕಿಗೆ, ಹೆಚ್ಚಾಗಿ ಉತ್ತರ-ದಕ್ಷಿಣವಾಗಿ, ಹೊಳೆಯಲ್ಲಿ ತೇಲಿಬಂದ ಕಡ್ಡಿಗಳಂತೆ ಸಾಲುಗಟ್ಟಿವೆ. ಶಿಲಾಪಾಕ, ಅಂದರೆ ಕರಗಿದ ಕಲ್ಲು, ಇನ್ನೂ ಪೂರ್ತಿ ಗಟ್ಟಿಯಾಗದೆ ಹರಳು ಮತ್ತು ರಸ ಕಲೆತಿದ್ದ ಹೊತ್ತಿನಲ್ಲೇ ಎರಡೂ ಬದಿಯ ನೆಲ ಜರುಗಿದ್ದರ ಗುರುತು ಅದು. ಆ ಜರುಗು ವಲಯವೇ ಶಿಲಾಪಾಕಕ್ಕೆ ದಾರಿ ಮಾಡಿಕೊಟ್ಟಿರಬೇಕು, ಪಟ್ಟಿ ಇಷ್ಟು ಉದ್ದ, ಇಷ್ಟು ಇಕ್ಕಟ್ಟಾಗಿರಲು ಇದೇ ಒಪ್ಪುವಂಥ ಕಾರಣ.

ಈ ನಡುಭಾಗದ ಬಂಡೆಗಳಲ್ಲಿ ಇನ್ನೊಂದು ವಿಶೇಷವಿದೆ. ಗುಲಾಬಿ ಗ್ರಾನೈಟ್‌ನ ಒಡಲಲ್ಲಿ ಮುಷ್ಟಿ ಗಾತ್ರದಿಂದ ಮಡಕೆ ಗಾತ್ರದವರೆಗಿನ ಕಪ್ಪು ಉಂಡೆಗಳು. ಅಂಚು ಚೂಪಾಗಿದ್ದರೆ ಅದು ಮುರಿದು ಬಿದ್ದ ಹಳೆಯ ಕಲ್ಲು ಎನ್ನಬಹುದಿತ್ತು. ಇವುಗಳ ಅಂಚು ದುಂಡಗೆ, ಅಲೆಅಲೆಯಾಗಿದೆ. ಕೆಲವು ಕಡೆ ಒಂದು ಫೆಲ್ಡ್‌ಸ್ಪಾರ್ ಹರಳಿನ ಅರ್ಧ ಗ್ರಾನೈಟ್‌ನಲ್ಲಿ, ಅರ್ಧ ಕಪ್ಪು ಉಂಡೆಯಲ್ಲಿ ಕೂತಿರುತ್ತದೆ. ಎರಡೂ ದ್ರವವಾಗಿದ್ದಾಗ ಮಾತ್ರ ಹೀಗಾಗಲು ಸಾಧ್ಯ. ಒಂದು ಬಹಳ ಬಿಸಿಯ ಕಪ್ಪು ಶಿಲಾಪಾಕ, ಇನ್ನೊಂದು ಅಷ್ಟು ಬಿಸಿಯಲ್ಲದ ಗುಲಾಬಿ ಶಿಲಾಪಾಕ ಇಲ್ಲಿ ಸಂಧಿಸಿವೆ. ಅಂಗೈಯಗಲದ ಆ ಒಂದು ಅಂಚು ಪ್ರಯೋಗಾಲಯದ ಎಷ್ಟೋ ಪುಟಗಳಿಗೆ ಸಮ.

ಪಾವಗಡ ದಾಟಿ ಕರ್ನಾಟಕ-ಆಂಧ್ರದ ಗಡಿ ಭಾಗಕ್ಕೆ ಬಂದರೆ ಈ ತುಂಬುಪಟ್ಟಿ ತೆಳುವಾಗಿ, ಹಳೆಯ ನೈಸ್‌ನೊಳಗೆ ನುಗ್ಗಿದ ಸಣ್ಣಸಣ್ಣ ಎಳೆಗಳಾಗಿ ಬಿಡುತ್ತದೆ. ಅದಕ್ಕೂ ಉತ್ತರಕ್ಕೆ ಗ್ರಾನೈಟ್ ಮತ್ತೆ ಕಾಣಿಸಿಕೊಳ್ಳುತ್ತದೆ, ಈ ಸಲ ಬಿಡಿಬಿಡಿ ದುಂಡುಮುದ್ದೆಗಳಾಗಿ. ಹಂಪಿ ಕಡೆಯ ಗ್ರಾನೈಟ್ ಈ ಉತ್ತರದ ತುದಿಗೆ ಸೇರಿದ್ದು. ಇಲ್ಲಿನ ಕಲ್ಲು ಹೆಚ್ಚು ಏಕರೂಪ, ಕಪ್ಪು ಉಂಡೆಗಳು ವಿರಳ. ಭಾರತ ಮತ್ತು ಫ್ರಾನ್ಸ್‌ನ ಸಂಶೋಧಕರ ತಂಡ, ಅದರಲ್ಲಿ ಎಂ. ಜಯಾನಂದ ಮತ್ತು ಜ್ಯಾಂ-ಫ್ರಾನ್ಸ್ವಾ ಮೊಯೆಂ ಮುಖ್ಯರು, ಇದನ್ನೆಲ್ಲ ಸೇರಿಸಿ ಒಂದು ಚಿತ್ರ ಕಟ್ಟಿತು. ಅವರ ಪ್ರಕಾರ ನಡುವಿನ ಆ ತೆಳುಭಾಗ ಒಂದು ಜರಡಿ. ಕೆಳಗೆ ಹರಳು, ರಸ, ಕಪ್ಪು ಉಂಡೆ ಎಲ್ಲ ಕಲೆತು ದಪ್ಪ ಗಂಜಿಯಂತಿದ್ದ ಶಿಲಾಪಾಕ ಇಕ್ಕಟ್ಟಾದ ಸೀಳುಗಳಲ್ಲಿ ಹಾದುಹೋಗುವಾಗ ಗಸಿ ಕೆಳಗುಳಿದು ತಿಳಿ ಮಾತ್ರ ಮೇಲೇರಿತು. ಆ ತಿಳಿ ಸುಮಾರು 10 ಕಿಲೋಮೀಟರ್ ಆಳದಲ್ಲಿ ಅಥವಾ ಇನ್ನೂ ಮೇಲೆ ಮುದ್ದೆಗಳಾಗಿ ನಿಂತು ಆರಿತು. ಬೇರು, ಕಾಂಡ, ಜರಡಿ, ನೆತ್ತಿ ಎಲ್ಲವನ್ನೂ ಒಂದೇ ಗ್ರಾನೈಟ್‌ನಲ್ಲಿ ಕಾಲ್ನಡಿಗೆಯಲ್ಲಿ ನೋಡಲು ಸಿಗುವ ಇಂಥ ಜಾಗ ಭೂಮಿಯ ಮೇಲೆ ತೀರಾ ಕಡಿಮೆ.

ಆಳವನ್ನು ಅಳೆಯುವುದು ಊಹೆಯಿಂದಲ್ಲ. ಹಾರ್ನ್‌ಬ್ಲೆಂಡ್ ಖನಿಜ ಬೆಳೆಯುವಾಗ ಸುತ್ತಲಿನ ಒತ್ತಡ ಹೆಚ್ಚಿದಷ್ಟೂ ಹೆಚ್ಚು ಅಲ್ಯೂಮಿನಿಯಂ ತೆಗೆದುಕೊಳ್ಳುತ್ತದೆ. ಪಕ್ಕದ ಶಿಲೆಗಳಲ್ಲಿರುವ ಗಾರ್ನೆಟ್ ಮತ್ತು ಇತರ ಖನಿಜಗಳ ಜೋಡಿಗಳೂ ಬಿಸಿ, ಒತ್ತಡಗಳ ಲೆಕ್ಕ ಕೊಡುತ್ತವೆ. ಒಂದು ಕಿಲೋಬಾರ್ ಒತ್ತಡ ಎಂದರೆ ಹೆಚ್ಚುಕಡಿಮೆ ಮೂರೂವರೆ ಕಿಲೋಮೀಟರ್ ಕಲ್ಲಿನ ಭಾರ.

ಇನ್ನು ರಸಾಯನ. ಅರ್ಧ ಶತಮಾನದ ಹಿಂದೆ ಈ ಗ್ರಾನೈಟ್ ಬಗ್ಗೆ ಬಲವಾಗಿದ್ದ ಒಂದು ಅಭಿಪ್ರಾಯವೆಂದರೆ, ಹಳೆಯ ನೈಸ್‌ನೊಳಗೆ ಪೊಟ್ಯಾಷ್ ಹೊತ್ತ ದ್ರವ ಇಂಗಿ ನೈಸೇ ನಿಂತಲ್ಲಿ ಗ್ರಾನೈಟ್ ಆಯಿತು ಎಂಬುದು. ಬಿ. ಪಿ. ರಾಧಾಕೃಷ್ಣ 1956ರಲ್ಲಿ ಈ ಪಟ್ಟಿಯ ಬಗ್ಗೆಯೇ ಇಡೀ ಗ್ರಂಥ ಹೊರತಂದರು. ಕನ್ನಡದಲ್ಲಿ ವಿಜ್ಞಾನ ಬರೆಯುವುದನ್ನು ಕರ್ತವ್ಯವೆಂದು ತಿಳಿದವರು ಅವರು. ಅವರು ಕಾಲ್ನಡಿಗೆಯಲ್ಲಿ ಹಾಕಿಕೊಟ್ಟ ನಕ್ಷೆಯ ಮೇಲೆಯೇ ಮುಂದಿನವರು ನಿಂತದ್ದು. ಆದರೆ ರಾಸಾಯನಿಕ ವಿಶ್ಲೇಷಣೆ ಸೂಕ್ಷ್ಮವಾದಂತೆ ನಿಂತಲ್ಲೇ ಗ್ರಾನೈಟ್ ಆಗುವ ಕಥೆ ಸಾಲದಾಯಿತು. ಈ ಪಟ್ಟಿಯ ಶಿಲೆಗಳಲ್ಲಿ ಸಿಲಿಕಾ ಪ್ರಮಾಣ ಶೇಕಡಾ 50ರ ಆಸುಪಾಸಿನಿಂದ 70ನ್ನು ದಾಟಿ ಹೋಗುತ್ತದೆ. ಸಿಲಿಕಾ ಕಡಿಮೆಯಿರುವ ಮಾಂಜೊನೈಟ್ ಬಗೆಯ ಕಪ್ಪುಛಾಯೆಯ ಶಿಲೆಗಳಲ್ಲಿ ಮೆಗ್ನೀಸಿಯಂ, ಕ್ರೋಮಿಯಂ, ನಿಕ್ಕಲ್ ಹೆಚ್ಚು. ಇವು ಭೂಚಿಪ್ಪಿನ ಕೆಳಗಿರುವ ದಪ್ಪ ಪದರವಾದ ಮ್ಯಾಂಟಲ್‌ನ ಕಲ್ಲಿನ ಗುರುತುಗಳು, ಭೂಚಿಪ್ಪನ್ನು ಎಷ್ಟು ಕರಗಿಸಿದರೂ ಇಷ್ಟು ಮೆಗ್ನೀಸಿಯಂ ಸಿಗುವುದಿಲ್ಲ. ಅದೇ ಶಿಲೆಗಳಲ್ಲಿ ಪೊಟ್ಯಾಸಿಯಂ, ಬೇರಿಯಂ, ಸ್ಟ್ರಾಂಷಿಯಂ ಮತ್ತು ಹಗುರ ವಿರಳ ಭಸ್ಮ ಧಾತುಗಳೂ ಹೇರಳವಾಗಿವೆ. ಸಾಧಾರಣ ಮ್ಯಾಂಟಲ್‌ನಲ್ಲಿ ಇವು ತೀರಾ ಕಡಿಮೆ. ಒಂದೇ ಕಲ್ಲು ಎರಡು ವಿರುದ್ಧ ಸಾಕ್ಷ್ಯ ನುಡಿಯುತ್ತಿದೆ.

ಇದಕ್ಕೆ ಒಂದೇ ದಾರಿ: ಕರಗುವ ಮುನ್ನವೇ ಆ ಮ್ಯಾಂಟಲ್‌ಗೆ ಯಾರೋ ಗೊಬ್ಬರ ಹಾಕಿದ್ದರು. ಭೂಚಿಪ್ಪಿನ ತುಂಡೊಂದು ಆಳಕ್ಕೆ ಇಳಿದು, ಅದರಿಂದ ಹೊರಟ ದ್ರವವೋ ರಸವೋ ಮೇಲಿನ ಮ್ಯಾಂಟಲ್‌ಗೆ ಇಂಗಿ ಪೊಟ್ಯಾಸಿಯಂ, ಬೇರಿಯಂಗಳನ್ನು ತುಂಬಿಸಿತ್ತು. ನಂತರ ಆ ಮ್ಯಾಂಟಲ್ ಕರಗಿದಾಗ ಎರಡೂ ಗುಣಗಳ ರಸ ಹೊರಬಂತು. ಇಂಥ ಶಿಲೆಗಳಿಗೆ ಸನುಕಿಟಾಯ್ಡ್ ಎಂಬ ಹೆಸರು 1984ರಲ್ಲಿ ಬಂತು, ಜಪಾನಿನ ಸನುಕೈಟ್ ಎಂಬ ಜ್ವಾಲಾಮುಖಿ ಶಿಲೆಯನ್ನು ನೆನೆದು. ಜಗತ್ತಿನ ಹಲವು ಪ್ರಾಚೀನ ಭೂಖಂಡಗಳಲ್ಲಿ ಸರಿಸುಮಾರು 300ರಿಂದ 250 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ ಇವು ಕಾಣಿಸಿಕೊಳ್ಳುತ್ತವೆ. ಅದಕ್ಕೂ ಹಿಂದೆ ಸೋಡಿಯಂ ಹೆಚ್ಚಿದ್ದ ಬೂದು ನೈಸ್‌ಗಳ ಯುಗ, ಆಮೇಲೆ ಪೊಟ್ಯಾಸಿಯಂ ಹೆಚ್ಚಿರುವ ಇಂದಿನ ಬಗೆಯ ಗ್ರಾನೈಟ್‌ಗಳ ಯುಗ. ಲಾಲ್‌ಬಾಗಿನ ಬಂಡೆಯಿಂದ ರಾಮದೇವರ ಬೆಟ್ಟಕ್ಕೆ ಕಾರಿನಲ್ಲಿ ಹೋಗುವವರು ಒಂದು ಒಂದೂವರೆ ಗಂಟೆಯಲ್ಲಿ ಆ ಯುಗಾಂತರವನ್ನು ದಾಟಿರುತ್ತಾರೆ.

ಮ್ಯಾಂಟಲ್‌ನ ರಸವೇ ಎಲ್ಲವೂ ಅಲ್ಲ. ಆಳದಲ್ಲಿ ಬಿಡಿ ನೀರು ಇಲ್ಲದ ನೈಸ್ ಕರಗಬೇಕಾದರೆ ಅದರೊಳಗಿನ ಬಯೊಟೈಟ್ ಒಡೆಯಬೇಕು, ಅದಕ್ಕೆ ಸುಮಾರು 800 ಡಿಗ್ರಿಗಿಂತ ಹೆಚ್ಚಿನ ಬಿಸಿ ಬೇಕು. ಮೇಲೇರಿ ಬಂದ ಮ್ಯಾಂಟಲ್ ರಸ 1,100 ಡಿಗ್ರಿಗೂ ಮೀರಿದ ಬಿಸಿಯನ್ನು ಹೊತ್ತು ತಂದು ನೈಸ್‌ನ ಪಕ್ಕದಲ್ಲಿ ನಿಂತಿತು, ನೈಸ್ ಕರಗಿತು. ಈ ಎರಡು ರಸಗಳು ಬೇರೆಬೇರೆ ಪ್ರಮಾಣದಲ್ಲಿ ಬೆರೆತು ಪಟ್ಟಿಯುದ್ದಕ್ಕೂ ಕಾಣುವ ಬಣ್ಣಬಣ್ಣದ ಗ್ರಾನೈಟ್‌ಗಳಾದವು. ರಾಮನಗರದ ಕಪ್ಪು ಉಂಡೆಗಳು ಆ ಬೆರಕೆ ಅರ್ಧಕ್ಕೆ ನಿಂತ ಗುರುತು.

ಆದರೆ ಆ ಮ್ಯಾಂಟಲ್ ಆಗಲೇ ಏಕೆ ಕರಗಿತು? ಇಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆಳದಿಂದ ಬಿಸಿಯ ಕಂಬದಂತೆ ಮೇಲೆದ್ದ ಮ್ಯಾಂಟಲ್ ಪ್ಲೂಮ್ ಇಡೀ ಪೂರ್ವ ಧಾರವಾಡ ಭೂಖಂಡವನ್ನು (ಕರ್ನಾಟಕದ ಸುತ್ತಿನ ಪ್ರಾಚೀನ ಶಿಲಾನೆಲೆಯ ಪೂರ್ವಭಾಗವನ್ನು) ಕಾಯಿಸಿತು ಎನ್ನುವವರಿದ್ದಾರೆ. ಪಶ್ಚಿಮದ ಕಡೆಗೆ ಇಳಿಯುತ್ತಿದ್ದ ಸಾಗರದ ಫಲಕದ ಮೇಲೆ, ಇಂದಿನ ಆಂಡಿಸ್‌ನಂತೆ, ಗ್ರಾನೈಟ್‌ಗಳ ಸಾಲೇ ಬೆಳೆಯಿತು, ಕ್ಲೋಸ್‌ಪೇಟೆ ಅದರ ಒಂದು ಭಾಗ ಎನ್ನುವವರಿದ್ದಾರೆ. ಪ್ಲೂಮ್ ವಾದಕ್ಕೆ ವಿಶಾಲ ಪ್ರದೇಶ ಒಟ್ಟಿಗೆ ಬಿಸಿಯಾದದ್ದು ಬೆಂಬಲ, ಫಲಕದ ವಾದಕ್ಕೆ ಗೊಬ್ಬರ ಹಾಕಿದ ಮ್ಯಾಂಟಲ್‌ನ ರಸಾಯನ ಬೆಂಬಲ. ಗೊಬ್ಬರ ಹಾಕಿದ್ದು ಮತ್ತು ಕರಗಿಸಿದ್ದು ಎರಡು ಬೇರೆ ಘಟನೆಗಳಾಗಿರಬಹುದು ಎಂಬ ಮಾತು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಹಾಗಿದ್ದರೆ ಇಬ್ಬರ ಸಾಕ್ಷ್ಯವನ್ನೂ ತಳ್ಳಿಹಾಕಬೇಕಿಲ್ಲ. ಒಂದು ಕಾಲದಲ್ಲಿ ಕ್ಲೋಸ್‌ಪೇಟೆ ಗ್ರಾನೈಟನ್ನೇ ಪೂರ್ವ ಮತ್ತು ಪಶ್ಚಿಮ ಧಾರವಾಡ ಭೂಖಂಡಗಳ ಗಡಿ ಎಂದು ಪಾಠ ಹೇಳುತ್ತಿದ್ದರು. ಈಗ ಬಹಳಷ್ಟು ಜನ ಆ ಗಡಿಯನ್ನು ಇನ್ನೂ ಪಶ್ಚಿಮಕ್ಕೆ, ಚಿತ್ರದುರ್ಗ ಶಿಲಾಪಟ್ಟಿಯ ಪೂರ್ವದ ಅಂಚಿಗೆ ಒಯ್ದಿದ್ದಾರೆ. ಈ ವಾದಗಳೆಲ್ಲ ಇತ್ಯರ್ಥವಾಗಬೇಕಾದರೆ ಮತ್ತೆ ಬಂಡೆಯ ಬಳಿಗೇ ಹೋಗಬೇಕು.

ಈ ರಸಾಯನ ಪಂಡಿತರ ಪಾಡಿಗೆ ಬಿಟ್ಟದ್ದಲ್ಲ ಎಂದು ತಿಳಿಯಲು ಪಾವಗಡದ ಯಾವುದಾದರೂ ಹಳ್ಳಿಯ ಬೋರ್‌ವೆಲ್ ಬಳಿ ನಿಂತರೆ ಸಾಕು. ಶಿಲಾಪಾಕ ಗಟ್ಟಿಯಾಗುವಾಗ ಸಾಧಾರಣ ಖನಿಜಗಳ ಚೌಕಟ್ಟಿನಲ್ಲಿ ಜಾಗ ಸಿಗದ ಧಾತುಗಳು ಕೊನೆಯ ರಸದಲ್ಲಿ ಸೇರಿಕೊಳ್ಳುತ್ತಾ ಹೋಗುತ್ತವೆ. ಯುರೇನಿಯಂ, ಥೋರಿಯಂ, ಫ್ಲೋರಿನ್ ಆ ಗುಂಪಿನವು. ಗ್ರಾನೈಟ್ ಎಂದರೆ ಆ ಕೊನೆಯ ರಸ ಹೆಪ್ಪುಗಟ್ಟಿದ್ದು. ಬಯೊಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್‌ಗಳಲ್ಲಿ ಫ್ಲೋರಿನ್ ಅಡಗಿರುತ್ತದೆ. ಗಟ್ಟಿಶಿಲೆಯ ನಾಡಿನಲ್ಲಿ ಅಂತರ್ಜಲ ಇರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗಿನ ಸೀಳುಗಳಲ್ಲಿ. ಬಾವಿಗಳ ಕಾಲದಲ್ಲಿ ನಾವು ಕುಡಿಯುತ್ತಿದ್ದುದು ಮೇಲಿನ ಪದರದ ನೀರು, ಮಳೆ ಬಂದಾಗಲೆಲ್ಲ ಹೊಸದಾಗುತ್ತಿದ್ದ ನೀರು. ಈಗ ಸಾವಿರ ಅಡಿ ದಾಟಿ ಕೊರೆಯುತ್ತೇವೆ. ಅಲ್ಲಿನ ನೀರು ಬಹುಕಾಲ ಕಲ್ಲಿಗೆ ಒತ್ತಿಕೊಂಡೇ ಇದ್ದದ್ದು. ಬೈಕಾರ್ಬನೇಟ್ ಹೆಚ್ಚಿರುವ ಕ್ಷಾರೀಯ ನೀರಿನಲ್ಲಿ ಫ್ಲೋರೈಡ್ ಸುಲಭವಾಗಿ ಕರಗುತ್ತದೆ, ಯುರೇನಿಯಂ ಕೂಡ ಬೈಕಾರ್ಬನೇಟಿನ ಜೊತೆ ಕೈ ಹಿಡಿದು ಹೊರಬರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್‌ಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಗತಿ ಇಲ್ಲದಿದ್ದರೆ 1.5. ಯುರೇನಿಯಂಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 30 ಮೈಕ್ರೋಗ್ರಾಂ. ಪಾವಗಡ, ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಕಂದುಗಟ್ಟಿದ ಹಲ್ಲು, ಬಗ್ಗದ ಬೆನ್ನುಮೂಳೆ ಹೊಸ ಸುದ್ದಿಯೇನಲ್ಲ. ಆರ್‌.ಒ. ಘಟಕ ಇಡುವ ಜಾಗ, ಕೆರೆ ತುಂಬಿಸುವ ಜಾಗ, ಬೋರ್‌ವೆಲ್ ಕೊರೆಯಕೂಡದ ಜಾಗ, ಇವನ್ನೆಲ್ಲ ಗುರುತಿಸಲು ಕೆಳಗೆ ಯಾವ ಬಗೆಯ ಗ್ರಾನೈಟ್ ಇದೆ, ಅದರ ಸೀಳು ಎತ್ತ ಹೋಗುತ್ತದೆ ಎಂಬ ನಕ್ಷೆ ಬೇಕೇ ಬೇಕು. ಆ ನಕ್ಷೆ ಬರೆಯುವುದು ಮೇಲೆ ಕಾಣುವ ಬಂಡೆಗಳನ್ನು ನೋಡಿಕೊಂಡೇ.

ಇನ್ನು ಕ್ವಾರಿಯ ವಿಷಯ. ಇಲ್ಲಿ ನಾನು ಒಂದು ಸತ್ಯವನ್ನು ಮುಚ್ಚಿಡಬಾರದು. ಈ ಗ್ರಾನೈಟ್ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಕ್ವಾರಿಗಳ ಋಣ. ಬಿಸಿಲು ಮಳೆಗೆ ಕಪ್ಪುಗಟ್ಟಿ ಪಾಚಿ ಹಿಡಿದ ಬಂಡೆಯ ಮೇಲೆ ಎರಡು ರಸಗಳ ಅಂಚು ಕಾಣುವುದಿಲ್ಲ, ಹೊಸದಾಗಿ ಒಡೆದ ಮುಖದಲ್ಲಿ ಕಾಣುತ್ತದೆ. ಕಬ್ಬಾಳಿನ ತೇಪೆಗಳು ಬೆಳಕಿಗೆ ಬಂದದ್ದೇ ಕ್ವಾರಿಯಿಂದ. ಹಿಂದೆ ಈ ಸೀಮೆಯ ಕಲ್ಲುಕುಟಿಗರು ಹಾಸುಬಂಡೆಯ ಮೇಲೆ ಬೆಂಕಿ ಹರಡಿ, ಕಾದು ಪದರ ಬಿಟ್ಟುಕೊಂಡದ್ದನ್ನು ಉಳಿಯಿಂದ ಸೀಳುತ್ತಿದ್ದರು. ಕಲ್ಲಿನ ನಾರು ಎತ್ತ ಇದೆ ಎಂದು ಸುತ್ತಿಗೆಯ ಸದ್ದಿನಲ್ಲೇ ಹೇಳಬಲ್ಲವರು ಅವರು. ಆ ವೇಗದಲ್ಲಿ ಒಂದು ಮುಖ ವರ್ಷಗಟ್ಟಲೆ ಉಳಿಯುತ್ತಿತ್ತು. ಈಗ ಸ್ಫೋಟಕ, ಹಿಟಾಚಿ, ಕ್ರಷರ್. ಇವತ್ತು ತೆರೆದ ಮುಖ ವಾರ ಕಳೆಯುವುದರೊಳಗೆ ಲಾರಿ ಏರಿರುತ್ತದೆ. ಕಟ್ಟಡ ಬೇಡ, ರಸ್ತೆ ಬೇಡ ಎಂದು ಹೇಳಲು ನಾನು ತಯಾರಿಲ್ಲ, ನನ್ನ ಮನೆಯ ತಾರಸಿಯಲ್ಲೂ ಜಲ್ಲಿಯಿದೆ. ಉಪಖನಿಜಕ್ಕೂ ಪರಿಸರ ಅನುಮತಿ ಬೇಕೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ದೂಳು, ಸ್ಫೋಟ, ಜಲಮೂಲದ ಪ್ರಶ್ನೆಗಳು ಕಡತಕ್ಕೆ ಬಂದವು. ಆ ಬಂಡೆಯಲ್ಲಿ ಬೇರೆಲ್ಲೂ ಸಿಗದ ಸಾಕ್ಷ್ಯ ಇದೆಯೇ ಎಂಬ ಪ್ರಶ್ನೆಗೆ ಅಂಥ ತೂಕ ಬಂದಿಲ್ಲ.

ಈ ಪಟ್ಟಿಯಲ್ಲಿ ಉಳಿದಿರುವ ಕಲ್ಲು ಉಳಿದಿರುವುದು ಬೇರೆ ಯಾರದೋ ಪುಣ್ಯದಿಂದ. ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ 2012ರಲ್ಲಿ ರಣಹದ್ದುಗಳ ಧಾಮವಾಯಿತು, ಕಡಿದಾದ ಬಂಡೆಯ ಅಂಚುಗಳಲ್ಲಿ ಅವು ಗೂಡು ಕಟ್ಟುವುದರಿಂದ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ, ದೇವಸ್ಥಾನಗಳಿಂದಾಗಿ. ಪಕ್ಕದ ದರೋಜಿಯ ಗುಡ್ಡಗಳು ಕರಡಿಗಳಿಂದಾಗಿ. ಮಧುಗಿರಿಯ ಏಕಶಿಲೆ ಕೋಟೆಯಿಂದಾಗಿ. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಜಾಗಗಳಿವೆ: ಲಾಲ್‌ಬಾಗಿನ ನೈಸ್, ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು, ಚಿತ್ರದುರ್ಗದ ಮರಡಿಹಳ್ಳಿಯ ದಿಂಬುಲಾವಾ (ನೀರಿನಡಿ ದಿಂಬಿನಂತೆ ಹೆಪ್ಪುಗಟ್ಟಿದ ಲಾವಾ), ಕೋಲಾರ ಸೀಮೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳು. ಕ್ಲೋಸ್‌ಪೇಟೆ ಗ್ರಾನೈಟ್‌ನ ಒಂದು ಬಂಡೆಯೂ ಅದರಲ್ಲಿಲ್ಲ. ಆ ಪಟ್ಟಿಗೂ ಬಲವಾದ ಕಾನೂನಿನ ಬೆನ್ನೆಲುಬಿಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗಣಿ ಸಚಿವಾಲಯ ಭೂಪರಂಪರೆಯ ತಾಣಗಳ ರಕ್ಷಣೆಗೆ ಕರಡು ಮಸೂದೆಯೊಂದನ್ನು ಸಾರ್ವಜನಿಕರ ಮುಂದಿಟ್ಟಿತು. ತಾಣಗಳನ್ನು ಘೋಷಿಸುವ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬ ಬಗ್ಗೆ ಭೂವಿಜ್ಞಾನಿಗಳಲ್ಲೇ ಭಿನ್ನಾಭಿಪ್ರಾಯ ಎದ್ದಿತು.

ಹಕ್ಕಿ, ಗುಡಿ, ಕರಡಿ, ಕೋಟೆಗಳ ಕೃಪೆಯಿಂದ ಕಾಂಡ ಮತ್ತು ನೆತ್ತಿಯ ಕೆಲವು ಭಾಗಗಳಿಗೆ ಹೇಗೋ ನೆರಳು ಸಿಕ್ಕಿದೆ. ದಕ್ಷಿಣದ ಬೇರಿನ ಭಾಗಕ್ಕೆ, ನಡುವಿನ ಜರಡಿ ಭಾಗಕ್ಕೆ ಅಂಥ ಆಸರೆ ಕಡಿಮೆ. ನೋಡಲು ಅವು ಚೆಲುವಾಗಿಯೂ ಇಲ್ಲ. ಪೋಸ್ಟರಿಗೆ ಹಾಕುವ ಏಕಶಿಲೆಗಳಲ್ಲ, ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಚಾಪೆಯಗಲ ತಲೆ ಹಾಕಿರುವ ಕಲ್ಲುಗಳು. ಇಡೀ 400 ಕಿಲೋಮೀಟರ್ ಪಟ್ಟಿಯನ್ನು ಬೇಲಿ ಹಾಕಿ ಇಡಿ ಎಂದು ಯಾರೂ ಕೇಳುತ್ತಿಲ್ಲ. ಬೇಕಾಗಿರುವುದು ಬೆರಳೆಣಿಕೆಯ ಬಿಂದುಗಳು: ಕಬ್ಬಾಳಿನ ಕ್ವಾರಿ ಮುಖ, ನೈಸ್ ಕರಗಿ ಗ್ರಾನೈಟ್ ಆಗುವುದು ಕಾಣುವ ಒಂದೆರಡು ಅಂಚು, ಮಾಗಡಿ-ರಾಮನಗರ ಕಡೆಯ ಬೆರಕೆ ರಸದ ಒಂದು ಬಂಡೆ, ಗಡಿ ಭಾಗದ ಎಳೆಗಳ ಒಂದು ಸಾಲು. ಪ್ರತಿಯೊಂದಕ್ಕೂ ಅರ್ಧ ಎಕರೆಗಿಂತ ಕಡಿಮೆ ನೆಲ ಸಾಕು. ಗುತ್ತಿಗೆ ಮುಗಿದ ಕ್ವಾರಿಯನ್ನು ಮುಚ್ಚುವಾಗ ಒಂದು ಗೋಡೆಯನ್ನು ಮಣ್ಣು ಸುರಿಯದೆ ತೆರೆದೇ ಬಿಡುವುದಕ್ಕೆ ಖರ್ಚೇನೂ ಇಲ್ಲ. ಹೊಸ ಗುತ್ತಿಗೆ ಕೊಡುವ ಮುನ್ನ ಸುತ್ತಮುತ್ತಲ ಕಾಲೇಜಿನ ಭೂವಿಜ್ಞಾನ ವಿಭಾಗದವರು ಒಂದು ದಿನ ಹೋಗಿ ನೋಡಿ, ಫೋಟೋ ತೆಗೆದು, ಮಾದರಿ ಎತ್ತಿಟ್ಟು ಎರಡು ಪುಟ ಬರೆದುಕೊಟ್ಟರೆ ಆ ಜಾಗ ಮುಂದೆ ಹೋದರೂ ಅದರ ಸಾಕ್ಷ್ಯ ಪೂರ್ತಿ ಹೋಗುವುದಿಲ್ಲ.

ಕಬ್ಬಾಳಿಗೆ ಹೋಗುವವರು ಬೆಳಗಿನ ಓರೆಬಿಸಿಲಿನಲ್ಲಿ ಹೋಗಿ. ಬೂದು ಕಲ್ಲಿನ ನಡುವೆ ಜಿಡ್ಡುಗಪ್ಪು ತೇಪೆ ಎಲ್ಲಿ ಮುಗಿಯುತ್ತದೆ ಎಂದು ಹುಡುಕಿ. ಅಲ್ಲಿ ಗೀಟು ಎಳೆದಂಥ ಗಡಿಯಿರುವುದಿಲ್ಲ, ಕೆಲವು ಬೆರಳುಗಳಷ್ಟು ಅಗಲದ ಮಸುಕು ಅಂಚಿರುತ್ತದೆ. ಪಿಚ್ಚಮುತ್ತು ನೋಡಿದ್ದು ಅಂಥದೊಂದು ಅಂಚನ್ನೇ.